ಬಸ್ ಹದಿನೇಳು

ಬಿಲ್ಲಿನ ನಾಲ್ಕನೆಯ ಸಾಲು, ಇರುವೆಯಷ್ಟು ಅಕ್ಷರ:
‘ಸಲಕರಣೆ ಬಾಡಿಗೆ, ಹದಿನಾಲ್ಕು ಡಾಲರ್.’
ಒಂಬತ್ತು ವರ್ಷ ಕಣ್ಣು ಅದನ್ನು ದಾಟಿಹೋಗಿತ್ತು,
ಗೊತ್ತಿರುವ ಗುಂಡಿಯನ್ನು ಚಕ್ರ ಬಳಸಿಹೋಗುವಂತೆ.

ಈ ಫೆಬ್ರವರಿ, ಮಿಷಿಗನ್ನಿನ ಹ್ಯಾನ್‌ಕಾಕ್ ಊರಲ್ಲಿ
ಹಿಮ ಅರ್ಧ ಕಿಟಕಿಗೆ ಬಂದು ನಿಂತ ಮಧ್ಯಾಹ್ನ,
ಐಲಿ ಕಾಂಗಾಸ್ ಕನ್ನಡಕ ಏರಿಸಿ
ಲಕೋಟೆಯ ಬೆನ್ನ ಮೇಲೆ ಪೆನ್ಸಿಲಿನಲ್ಲಿ ಗುಣಿಸಿದಳು.
ಹದಿನಾಲ್ಕು ಹನ್ನೆರಡಲೆ ನೂರ ಅರವತ್ತೆಂಟು.
ನೂರ ಅರವತ್ತೆಂಟು ಒಂಬತ್ತಲೆ...
ಪೆನ್ಸಿಲ್ ನಿಂತಿತು. ಮತ್ತೆ ಮೊದಲಿಂದ ಗುಣಿಸಿದಳು.
ಸಾವಿರದ ಐನೂರ ಹನ್ನೆರಡು.
ಹನಿ ಹನಿಗೂಡಿ ಹಳ್ಳ ಹೌದು,
ಹಳ್ಳ ಮಾತ್ರ ಬೇರೆಯವರ ಹೊಲದಲ್ಲಿ.

ಟಿವಿಯ ಹಿಂದೆ ಆ ಕಪ್ಪು ಡಬ್ಬಿ
ಊಟ ಮುಗಿದರೂ ಏಳದ ನೆಂಟನಂತೆ
ಬೆಚ್ಚಗೆ ಕೂತಿತ್ತು.

ಫೋನಿನಲ್ಲಿ ಜೇನು ಸವರಿದ ದನಿ:
‘ಕೆಟ್ಟರೆ ನಾವಿದ್ದೇವೆ ಮೇಡಂ. ನಿಮ್ಮದೇ ತಂದರೆ
ಕೆಟ್ಟಾಗ ಯಾರನ್ನು ಕೇಳುತ್ತೀರಿ?’
ಮೂವತ್ತೊಂದು ಚಳಿಗಾಲ ಶಾಲೆಯ ಬಸ್ಸು ಓಡಿಸಿದವಳು,
ಗಾಜಾದ ಇಳಿಜಾರಿನಲ್ಲಿ ಮೊಣಕಾಲೂರಿ
ಚಕ್ರಕ್ಕೆ ಸರಪಳಿ ಬಿಗಿದವಳು,
‘ನನ್ನನ್ನೇ’ ಅಂದಳು.

ಮೊದಲು ತಂದದ್ದು ತಪ್ಪು.
ಹಳೇ ಸಾಮಾನಿನಂಗಡಿಯಲ್ಲಿ ಆರು ಡಾಲರಿಗೆ ಸಿಕ್ಕಿದ,
ಎರಡು ಕೊಂಬಿನ ರೂಟರ್.
ಪಕ್ಕದ ಮನೆಯ ವೆಲ್ಡರ್ ಟೋಬಿ ರಾಬಿಡೊ
ತಿರುಗಿಸಿ ತಿರುಗಿಸಿ ನೋಡಿ ನಕ್ಕ:
‘ಇದು ಮನೆಯೊಳಗೆ ಹಂಚುವುದಷ್ಟೇ ಅಜ್ಜಿ,
ಬೀದಿಯಿಂದ ಒಳಗೆ ತರುವುದಕ್ಕೆ ಮೋಡೆಮ್ ಬೇರೆ ಬೇಕು.’
ಹಾಗಾದರೆ ಕಪ್ಪು ಡಬ್ಬಿ
ಎರಡು ಕೆಲಸ ಮಾಡುತ್ತಿತ್ತು ಇಷ್ಟು ದಿನ!
ಐಲಿಗೆ ಅದರ ಮೇಲೆ ಒಂದು ಗಳಿಗೆ ಮರುಕ.
ಒಂದೇ ಗಳಿಗೆ.

ತೊಂಬತ್ತು ಡಾಲರಿನ ಮೋಡೆಮ್ ಬಂತು.
ಅದರ ಹೊಟ್ಟೆಯಡಿಯ ಹನ್ನೆರಡು ಅಂಕಿ ಅಕ್ಷರ
ಭೂತಗನ್ನಡಿ ಹಿಡಿದು ಫೋನಿಗೆ ಓದಿದಳು:
‘ಬಿ, ಬೋಟಿನ ಬಿ. ಅಲ್ಲ, ಡಿ ಅಲ್ಲ. ಬೋಟು. ಬೋಟು!’
ಕಿತ್ತಳೆ ದೀಪ ಮಿಟುಕಿತು, ಮಿಟುಕಿತು,
ಕಾಫಿ ಆರಿತು,
ಹಸಿರಾಯಿತು.

ಆಮೇಲೆ ಪರದೆ ಕೇಳಿತು: ಹೆಸರು?
ಇದನ್ನು ಯಾರೂ ಕೇಳಿರಲಿಲ್ಲ ಅವಳನ್ನು.
ಬಾಡಿಗೆಯದಕ್ಕೆ ಅಂಟಿಸಿಯೇ ಬಂದಿತ್ತು,
ಕೈದಿಯ ನಂಬರಿನಂಥ ಒಂದು ಹೆಸರು.
ಗಂಡನ ಹೆಸರು ಬೆರಳ ತುದಿಗೆ ಬಂತು, ಬೇಡವೆನಿಸಿತು.
ಬೆಕ್ಕಿನದು ಬಂತು.
ಕೊನೆಗೆ ಎರಡು ಬೆರಳಲ್ಲಿ ಕುಟ್ಟಿದಳು: ಬಸ್ ಹದಿನೇಳು.

ಮರುವಾರ ಗಾಳಿಯಲ್ಲಿ ತಲೆ ತಗ್ಗಿಸಿ ನಡೆಯುತ್ತಿದ್ದ
ನಲವತ್ತರ ಗಂಡಸೊಬ್ಬ
ಫೋನು ನೋಡಿ ಅವಳ ಮನೆಯೆದುರು ನಿಂತುಬಿಟ್ಟ.
ಯಾವ ಸೀಟಿನವನೋ. ಕಿಟಕಿಯತ್ತ ನೋಡಿದ,
ಕೈಗವಸಿನ ಕೈ ಎತ್ತಲೋ ಬೇಡವೋ ಎಂಬಂತೆ ಎತ್ತಿದ.
ಒಳಗೆ ಐಲಿ ಬಿಲ್ಲಿನ ಜೊತೆ ಜಗಳದಲ್ಲಿದ್ದಳು:
ಡಬ್ಬಿ ಮರಳಿಸಿ ರಸೀದಿ ತಂದರೂ
ನಾಲ್ಕನೆಯ ಸಾಲಿನಲ್ಲಿ ಮತ್ತೆ ಹದಿನಾಲ್ಕು.

ಹೋದಳು, ರಸೀದಿಯನ್ನು ಕಟಕಟೆಯ ಮೇಲೆ ಒತ್ತಿ ಹಿಡಿದಳು,
ಅಳಿಸುವವರೆಗೂ ಬೆರಳು ಎತ್ತಲಿಲ್ಲ.

ಮಾರ್ಚಿಯ ಒಂದು ರಾತ್ರಿ ಎಲ್ಲ ನಿಂತುಹೋಯಿತು.
ಫಿನ್ಲೆಂಡಿನ ತಂಗಿಯ ಮುಖ
ಬಾಯಿ ತೆರೆದಂತೆಯೇ ಪರದೆಯಲ್ಲಿ ಹೆಪ್ಪುಗಟ್ಟಿತು.
ಕರೆಯಲು ಯಾರೂ ಇಲ್ಲ, ಬೈಯಲೂ ಯಾರೂ ಇಲ್ಲ.
ಸಿಟ್ಟು ಬಂತು; ತನ್ನ ಸಾಮಾನಿನ ಮೇಲೆ ಬರುವ ಸಿಟ್ಟು,
ಅದರಲ್ಲಿ ಅರ್ಧ ತನ್ನ ಮೇಲೆಯೇ.
ಟೋಬಿ ಹೇಳಿದ್ದ: ತಂತಿ ಕಿತ್ತು ಮೂವತ್ತು ಎಣಿಸು.
ಕತ್ತಲಲ್ಲಿ ಪ್ಲಗ್ಗು ಹಿಡಿದು ಎಣಿಸತೊಡಗಿದಳು,
ಒಂದು, ಎರಡು, ಮೂರು,
ಬಾಗಿಲು ಮುಚ್ಚುವ ಮುನ್ನ ಕನ್ನಡಿಯಲ್ಲಿ
ಟೋಪಿಗಳನ್ನು ಎಣಿಸುತ್ತಿದ್ದ ಹಾಗೆ,
ಇಪ್ಪತ್ತೆಂಟಕ್ಕೆ ತಡೆದು
ಇನ್ನಿಬ್ಬರು ಬರಲೆಂದು ಕಾದಳು.